ಸದಾಶಿವನಗರದ ಔಟ್‌ಹೌಸಿನಲ್ಲಿ ನಾಲ್ಕು ವರ್ಷ

2021ರ ಮಾರ್ಚಿನಲ್ಲಿ ಬೆಂಗಳೂರಿನ ಸದಾಶಿವನಗರದಲ್ಲಿ ಹಳೆಯ ಬಂಗಲೆಯೊಂದರ ಹಿಂಬದಿಯ ಔಟ್‌ಹೌಸನ್ನು ನಾನು ಬಾಡಿಗೆಗೆ ಹಿಡಿದಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: “ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಬೇಕಾದರೆ ಎಲ್ಲಿಗೆ ಹೋಗ್ತೀಯ?” ಶ್ರೀರಾಮಪುರದಲ್ಲಿ ಹುಟ್ಟಿ ಬೆಳೆದ ನಮಗೆ ಮೂಲೆಯಂಗಡಿಯಿಲ್ಲದ ಬೀದಿಯ ಕಲ್ಪನೆಯೇ ಇರಲಿಲ್ಲ. ಕೊರೊನಾದಿಂದ ಬಾಡಿಗೆಗಳು ಇಳಿದಿದ್ದ ಕಾಲವಾದ್ದರಿಂದ ಎರಡು ಕೋಣೆಗಳು ತಿಂಗಳಿಗೆ 22,000 ರೂಪಾಯಿಗೆ ಸಿಕ್ಕವು. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು.

ಮೊದಲ ವಾರ ಪ್ರತಿ ಸಂಜೆಯೂ ಗೇಟಿನಲ್ಲಿ ನಿಂತು ರಿಜಿಸ್ಟರಿನಲ್ಲಿ ನನ್ನ ಹೆಸರು, ಬಂದ ವೇಳೆ, ಭೇಟಿಯ ಕಾರಣ ಬರೆಯಬೇಕಾಯಿತು. ಯಾದಗಿರಿ ಕಡೆಯ ವಾಚ್‌ಮನ್ ಸಂಕೋಚದಿಂದಲೇ, “ಏನ್ ಮಾಡೋದ್ರಿ ಅಕ್ಕಾರ, ಸಾಹೇಬ್ರು ಹೇಳ್ಯಾರ” ಎನ್ನುತ್ತ ಪೆನ್ನು ಮುಂದೆ ಚಾಚುತ್ತಿದ್ದರು. ಕಾರಣದ ಕಾಲಮ್ಮಿನಲ್ಲಿ ನಾನು ‘ವಾಸ’ ಎಂದು ಬರೆಯುತ್ತಿದ್ದೆ. ಎಂಟನೆಯ ದಿನ ಅವರು ಪುಸ್ತಕ ತೆರೆಯಲಿಲ್ಲ. ನಾಲ್ಕು ವರ್ಷಗಳಲ್ಲಿ ಈ ಬೀದಿಯಲ್ಲಿ ನನಗೆ ಸಲುಗೆ ಬೆಳೆದದ್ದು ಅವರಂಥವರ ಜೊತೆಗೇ: ನಸುಕಿನಲ್ಲಿ ನಂದಿನಿ ಹಾಲು ತರುವ ಹುಡುಗ, ನಾಲ್ಕು ಮನೆಗಳಿಗೆ ಅಡುಗೆ ಮಾಡುವ ಮಹಿಳೆ, ಮಧ್ಯಾಹ್ನ ಕಾರಿನ ಬಾಗಿಲು ತೆರೆದಿಟ್ಟು ನಿದ್ದೆ ಮಾಡುವ ಡ್ರೈವರುಗಳು. ಬಂಗಲೆಗಳವರನ್ನು ನಾನು ಕಂಡದ್ದು ಹೆಚ್ಚಾಗಿ ಕಾರಿನ ಗಾಜಿನ ಹಿಂದೆ.

ಹಳಬರು ಈ ಬಡಾವಣೆಯನ್ನು ಇಂದಿಗೂ ಪ್ಯಾಲೇಸ್ ಆರ್ಚರ್ಡ್ಸ್ ಎನ್ನುವುದುಂಟು. ಈಗಿನ ಹೆಸರು ಬಂದದ್ದು ಮಂಗಳೂರಿನ ಕಾರ್ನಾಡ್ ಸದಾಶಿವ ರಾಯರಿಂದ. ತಮ್ಮ ಸಂಪತ್ತನ್ನೆಲ್ಲ ಸ್ವಾತಂತ್ರ್ಯ ಚಳವಳಿಗೆ ಸುರಿದು ಬರಿಗೈಯಾಗಿ 1937ರಲ್ಲಿ ತೀರಿಕೊಂಡವರ ಹೆಸರು ನಗರದ ಅತಿ ಶ್ರೀಮಂತ ಬಡಾವಣೆಗಳಲ್ಲೊಂದಕ್ಕೆ ಅಂಟಿಕೊಂಡಿರುವುದನ್ನು ನೆನೆದಾಗ, ಕೋಟಿಗಳ ಮಾತು ನಡೆಯುವ ಈ ಬೀದಿಗಳಲ್ಲಿ ನನಗೆ ಸಣ್ಣಗೆ ನಗು ಬರುತ್ತದೆ.

ಇಲ್ಲಿ ಬಾಡಿಗೆ ಕೊಡುವುದು ಗೋಡೆಗಳಿಗಲ್ಲ, ನೆರಳಿಗೆ ಎಂಬುದು ಮೊದಲ ಬೇಸಿಗೆಯಲ್ಲೇ ಮನವರಿಕೆಯಾಯಿತು. ಶ್ರೀರಾಮಪುರದಲ್ಲಿ ಏಪ್ರಿಲಿನ ರಾತ್ರಿ ಫ್ಯಾನಿನಿಂದ ಬಿಸಿಗಾಳಿಯೇ ಬೀಸುತ್ತಿತ್ತು. ಇಲ್ಲಿ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಆದರೆ ಸೊಪ್ಪು, ತರಕಾರಿ, ಚಪ್ಪಲಿ ಹೊಲಿಗೆ, ಬಟ್ಟೆಯ ಇಸ್ತ್ರಿ ಎಲ್ಲಕ್ಕೂ ಮಲ್ಲೇಶ್ವರವೇ ಗತಿ. ಶನಿವಾರ ಬೆಳಿಗ್ಗೆ ಸ್ಯಾಂಕಿ ಕೆರೆಯ ಪಕ್ಕದಲ್ಲಿ ನಡೆದು 8ನೇ ಅಡ್ಡರಸ್ತೆಯವರೆಗೆ ಹೋಗಿ, ವಾರಕ್ಕೆ ಬೇಕಾದದ್ದನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಆಟೋದಲ್ಲಿ ಹಿಂತಿರುಗುವುದು ನನ್ನ ಕ್ರಮವಾಯಿತು. ಕರಿಬೇವನ್ನು ಮಾತ್ರ ಆ ವಾಚ್‌ಮನ್ನರೇ ಮಾಲೀಕರ ಹಿತ್ತಿಲಿನಿಂದ ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗುತ್ತಿದ್ದರು.

ಸ್ಯಾಂಕಿ ಕೆರೆ 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಅಲ್ಲಿನ ನಡಿಗೆದಾರಿಯಲ್ಲಿ ಕೋಟ್ಯಧಿಪತಿಯೂ ಗುಮಾಸ್ತನೂ ಒಂದೇ ಸುತ್ತು ಹಾಕುತ್ತಾರೆ, ಆದರೆ ಮಾತು ನಗುವಿನಿಂದ ಮುಂದಕ್ಕೆ ಹೋಗುವುದಿಲ್ಲ. 2023ರಲ್ಲಿ ಭಾಷ್ಯಂ ವೃತ್ತದಿಂದ ಮಲ್ಲೇಶ್ವರ 18ನೇ ಅಡ್ಡರಸ್ತೆಯ ಕಡೆಗೆ ಮೇಲ್ಸೇತುವೆ ಕಟ್ಟಲು ಕೆರೆಯ ಪಕ್ಕದ ಮರಗಳನ್ನು ಕಡಿಯುವ ಮಾತು ಬಂದಾಗ ನಿವಾಸಿಗಳು ರಸ್ತೆಗಿಳಿದರು. ನಾನೂ ಹೋದೆ. ಎದುರು ಮನೆಯ ಹಿರಿಯರೊಬ್ಬರು ಮೊದಲ ಬಾರಿ ನನ್ನ ಹೆಸರು ಕೇಳಿದ್ದು ಅಲ್ಲೇ, ಒಂದು ಮಳೆಮರದ ಕೆಳಗೆ. “ನಿಮ್ಮದು ಯಾವ ಮನೆ?” ಎಂದರು. ಬಂಗಲೆಯ ನಂಬರು ಹೇಳಿ, “ಹಿಂದಿನ ಔಟ್‌ಹೌಸು” ಎಂದು ಸೇರಿಸಿದೆ. ಅವರು ಕ್ಷಣಕಾಲ ಸುಮ್ಮನಿದ್ದು, ನನ್ನ ಕೈಗೆ ಒಂದು ಫಲಕ ಕೊಟ್ಟರು.

ಈಗ ಕರಾರು ಮತ್ತೆ ಮುಗಿಯುತ್ತ ಬಂದಿದೆ. ಅಕ್ಕಪಕ್ಕದ ಎರಡು ಹಳೆಯ ಮನೆಗಳು ನೆಲಸಮವಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಮಾಲೀಕರು, ಅಮೆರಿಕದಲ್ಲಿರುವ ಮಗಳು ಡಿಸೆಂಬರಿನಲ್ಲಿ ಬಂದ ಮೇಲೆ ಹೇಳುವುದಾಗಿ ತಿಳಿಸಿದ್ದಾರೆ.