ಅಂಗಡಿಯವರು ಕೊಟ್ಟಿದ್ದು ನವಸಾಗರ ಅಲ್ಲ, ಪಟಿಕ: ನಾನೇ ಕಲಾಯಿ ಹಾಕಿದ ಕಥೆ

ನಮ್ಮನೆಯಲ್ಲಿ ಅಜ್ಜಿ ಕಾಲದ ಒಂದು ಹಿತ್ತಾಳೆ ತಪ್ಪಲೆ ಇದೆ. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಹೋಗಿ ಹಳದಿ ಕಾಣತೊಡಗಿ ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಹುಳಿ ಹಾಕಿದ ಸಾರು ಮಾಡುವ ಹಾಗಿಲ್ಲ, ಕಿಲುಬು ಬಿಡುತ್ತದೆ. "ಕಲಾಯ್..." ಅಂತ ಕೂಗಿಕೊಂಡು ಬರುತ್ತಿದ್ದವರು ನಮ್ಮ ಬೀದಿಗೆ ಬರುವುದು ನಿಂತೇಹೋಗಿದೆ. ನಾನೋ ಬಿಎಸ್‌ಸಿಯಲ್ಲಿ ಕೆಮಿಸ್ಟ್ರಿ ಓದಿದವನು. ನಾನೇ ಹಾಕಿದರಾಯಿತು ಅಂದುಕೊಂಡೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಇದ್ದಿಲು, ಇಕ್ಕಳ, ಹತ್ತಿ ಬಟ್ಟೆ, ತವರ, ಆ ತವರ ಅಂಟಿಕೊಳ್ಳಲು ಉದುರಿಸುವ ನವಸಾಗರ ಅನ್ನುವ ಬಿಳಿ ಉಪ್ಪು. ತವರ ಮಾತ್ರ ಶುದ್ಧವಾಗಿರಬೇಕು. ರೇಡಿಯೋ ರಿಪೇರಿಯವರ ಸಾಲ್ಡರ್ ತಂತಿಯೂ ಕರಗುತ್ತದಲ್ಲ, ಅದನ್ನೇ ಹಾಕೋಣ ಅನ್ನಬೇಡಿ. ಅದರಲ್ಲಿ ಬಹಳ ಸಲ ಸೀಸ ಇರುತ್ತದೆ. ಅಡುಗೆ ಪಾತ್ರೆಗೆ ಅದು ವಿಷ.

ಮೊದಲ ಸಲ ಪೂರ್ತಿ ಕೆಟ್ಟಿತು. ಹುಣಸೆಹಣ್ಣು, ಮರಳು ಹಾಕಿ ತಿಕ್ಕಿ ತೊಳೆದು ಒಣಗಿಸಿದ ತಪ್ಪಲೆಯನ್ನು ಕೆಂಡದ ಮೇಲಿಟ್ಟೆ. ಗ್ರಂಧಿಗೆ ಅಂಗಡಿಯಿಂದ ತಂದ ಬಿಳಿ ಹರಳನ್ನು ಪುಡಿ ಮಾಡಿ ಉದುರಿಸಿದೆ. ಹೊಗೆಯೇ ಬರಲಿಲ್ಲ. ಪುಡಿ ಅರಳಿನ ಹಾಗೆ ಉಬ್ಬಿಕೊಂಡು ಅಲ್ಲೇ ಕೂತಿತು. ತವರ ಹಾಕಿದರೆ ಕಾದ ಕಾವಲಿಗೆ ಬಿದ್ದ ನೀರಿನ ಹನಿಯಂತೆ ಗುಂಡಗಾಗಿ ಅತ್ತಿತ್ತ ಓಡಾಡಿತೇ ವಿನಾ ಎಲ್ಲೂ ಅಂಟಲಿಲ್ಲ. ಮಿಕ್ಕಿದ್ದ ಹರಳನ್ನು ಪೇಟೆಯ ಹಳೇ ಕಲಾಯಿಯವರೊಬ್ಬರ ಹತ್ತಿರ ಒಯ್ದೆ. ಬೆರಳಲ್ಲಿ ಹಿಡಿದು ನೋಡಿ ನಕ್ಕರು. "ಇದು ಗಡ್ಡ ಕೆರೆದ ಮೇಲೆ ಉಜ್ಜೋ ಕಲ್ಲು ಕಣಪ್ಪ. ನವಸಾಗರ ಅಲ್ಲ."

ಪಟಿಕ! ಅದರೊಳಗಿನ ನೀರು ಆವಿಯಾಗಿ ಹೋಗುವಾಗ ಉಬ್ಬುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಕಣ್ಣೆದುರು ಉಬ್ಬಿದಾಗ ಹೊಳೆಯಲಿಲ್ಲ.

ಆಮೇಲಿಂದ ತಂದ ತಕ್ಷಣ ಎರಡು ಪರೀಕ್ಷೆ ಮಾಡುತ್ತೇನೆ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಚಿಟಿಕೆ ಪುಡಿಗೆ ಎಲೆಅಡಿಕೆಯ ಒದ್ದೆ ಸುಣ್ಣ ಸೇರಿಸಿ ಕಡ್ಡಿಯಲ್ಲಿ ಕಲಸಿ. ಅಮೋನಿಯಾ ಘಾಟು ಬರುತ್ತದೆ, ದನದ ಕೊಟ್ಟಿಗೆಯ ಬೆಳಗಿನ ವಾಸನೆಯೇ. ಮೂಗು ಹತ್ತಿರ ತರಬೇಡಿ. ಆದರೆ ಪಟಿಕದಲ್ಲೂ ಅಮೋನಿಯಂ ಇರುವ ಒಂದು ಜಾತಿ ಇದೆ, ಅದೂ ಹೀಗೇ ನಾರುತ್ತದೆ. ಅದಕ್ಕೇ ಎರಡನೆಯದು: ಹಳೇ ಕಬ್ಬಿಣದ ಸೌಟಿನಲ್ಲಿ ಚಿಟಿಕೆ ಹಾಕಿ ಚೆನ್ನಾಗಿ ಕಾಯಿಸಿ. ನವಸಾಗರವಾದರೆ ಕರಗದೆ ಪೂರ್ತಿ ಬಿಳಿ ಹೊಗೆಯಾಗಿ ಹೋಗುತ್ತದೆ, ತಳದಲ್ಲಿ ಏನೂ ಉಳಿಯುವುದಿಲ್ಲ.

ಕಲಾಯಿಯ ಗುಟ್ಟೆಲ್ಲ ಆ ಹೊಗೆಯಲ್ಲಿದೆ. ಸುಮಾರು 338 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನವಸಾಗರ ಎರಡು ಅನಿಲವಾಗಿ ಒಡೆಯುತ್ತದೆ: ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್. ಬಿಸಿ ಹಿತ್ತಾಳೆಯ ಮೇಲೆ ಕ್ಷಣಕ್ಷಣಕ್ಕೂ ಆಕ್ಸೈಡ್ ಪದರ ಕಟ್ಟುತ್ತಿರುತ್ತದೆ, ಎಷ್ಟು ತಿಕ್ಕಿ ತೊಳೆದಿದ್ದರೂ ಅಷ್ಟೇ. ಹೈಡ್ರೋಜನ್ ಕ್ಲೋರೈಡ್ ಆ ಪದರವನ್ನು ತಿಂದು ಹಾಕುತ್ತದೆ. ಆಗ ಬರೀ ಲೋಹ ಸಿಕ್ಕ ತವರ ಹರಡಿ ಹಿಡಿದುಕೊಳ್ಳುತ್ತದೆ. ಮೇಲೇರಿ ತಣ್ಣಗಾದ ಅನಿಲಗಳೆರಡೂ ಮತ್ತೆ ಕೂಡಿ ನವಸಾಗರದ ಸಣ್ಣ ಕಣಗಳಾಗುತ್ತವೆ. ನಮಗೆ ಕಾಣುವ ಬಿಳಿ ಹೊಗೆ ಅದೇ. ಗಂಟಲು ಹಿಡಿಯುತ್ತದೆ. ಮನೆಯೊಳಗೆ ಬೇಡ, ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಮಾಡಿ.

ಎರಡನೇ ಸಲ ತವರದ ಕಡ್ಡಿಯನ್ನು ಪಾತ್ರೆಗೆ ಮುಟ್ಟಿಸಿ ನೋಡುತ್ತಾ ಕಾದೆ. ತವರ 232 ಡಿಗ್ರಿಗೆ ಕರಗುತ್ತದೆ. ಕಡ್ಡಿ ಮೆತ್ತಗಾಗಿ ಜಾರಿದ ಮೇಲೂ ಇನ್ನೊಂದಿಷ್ಟು ಕಾವು ಕೊಟ್ಟು ನವಸಾಗರ ಉದುರಿಸಿದೆ. ಬುಸ್ಸೆಂದು ಹೊಗೆ ಎದ್ದಿತು. ತಕ್ಷಣ ತವರ ಮುಟ್ಟಿಸಿ, ಹತ್ತಿ ಬಟ್ಟೆಯನ್ನು ಪುಡಿಯಲ್ಲಿ ಅದ್ದಿ, ಇಕ್ಕಳದಲ್ಲಿ ಹಿಡಿದು ಒಂದೇ ಸಮ ಒರೆಸಿದೆ. ಹಳದಿಯ ಮೇಲೆ ಬೆಳ್ಳಿ ಓಡಿದ ಹಾಗೆ. ನಲವತ್ತು ದಾಟಿದ ಮನುಷ್ಯ ನಾನು, "ಅಮ್ಮಾ, ಹಿಡೀತು!" ಅಂತ ಕೂಗಿದೆ.

ಆ ಬಟ್ಟೆಯನ್ನು ಒದ್ದೆ ಮಾಡಿ ಬಚ್ಚಲ ಮೂಲೆಗೆ ಎಸೆದಿದ್ದೆ. ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ನೀಲಿ, ಹಸಿರು ಕಲೆ. ಹಿತ್ತಾಳೆಯೊಳಗಿನ ತಾಮ್ರ ಬಟ್ಟೆಗೆ ಬಂದಿತ್ತು. ಕಲಾಯಿ ಆದ ಮೇಲೆ ಪಾತ್ರೆಯನ್ನು ಒಳಗೂ ಹೊರಗೂ ಚೆನ್ನಾಗಿ ತೊಳೆಯಬೇಕು ಅನ್ನುವುದು ಇದಕ್ಕೇ. ಹಿತ್ತಾಳೆಗೂ ಅಮೋನಿಯಾಕ್ಕೂ ಹಳೇ ದ್ವೇಷ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಸೇನೆ ಮಳೆಗಾಲದಲ್ಲಿ ಗುಂಡುಗಳನ್ನು ಕುದುರೆ ಲಾಯದಲ್ಲಿಟ್ಟರೆ ಅವುಗಳ ಹಿತ್ತಾಳೆ ಕವಚ ತಾನಾಗೇ ಬಿರುಕು ಬಿಡುತ್ತಿತ್ತು. ಕುದುರೆ ಗಂಜಲದ ಅಮೋನಿಯಾ ಕಾರಣ ಅನ್ನುವುದು ಗೊತ್ತಾಗಿದ್ದು 1921ರಲ್ಲಿ.

ಸುಣ್ಣದ ಪರೀಕ್ಷೆ ಇನ್ನೊಂದು ವಿಷಯಕ್ಕೂ ಕಣ್ಣು ತೆರೆಸಿತು. ಮಲೆನಾಡಿನ ನಮ್ಮ ಅಡಿಕೆ ತೋಟದ ಮಣ್ಣು ಹುಳಿ, ಹಾಗಾಗಿ ಸುಣ್ಣ ಹಾಕುತ್ತೇವೆ. ಒಂದು ವರ್ಷ ಆಳು ಸಿಕ್ಕಿದ್ದಾರೆ ಅಂತ ಸುಣ್ಣ ಎರಚಿದ ದಿನವೇ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೂ ಹಾಕಿಸಿದ್ದೆ. ತೋಟವೆಲ್ಲ ಘಾಟು. ಗೊಬ್ಬರ ಜೋರಾಗಿದೆ ಅಂತ ಖುಷಿಪಟ್ಟಿದ್ದೆ! ಅದರಲ್ಲಿರುವುದೇ ಸುಮಾರು ಶೇಕಡ 21 ಸಾರಜನಕ, ಅದರಲ್ಲಿ ಒಂದಷ್ಟನ್ನು ಗಾಳಿಗೆ ಬಿಟ್ಟು ಮೂಗಿನಲ್ಲಿ ಕುಡಿಯುತ್ತಿದ್ದೆ. ಈಗ ಎರಡರ ನಡುವೆ ಕೆಲವು ವಾರ ಬಿಡುತ್ತೇನೆ.

ಮಿಕ್ಕ ನವಸಾಗರವನ್ನು ತಗಡಿನ ಡಬ್ಬದಲ್ಲಿ ಇಟ್ಟಿದ್ದು ಇನ್ನೊಂದು ಪೆದ್ದುತನ. ತೇವ ಎಳೆದುಕೊಂಡು ಒಂದೇ ಮಳೆಗಾಲದಲ್ಲಿ ಡಬ್ಬದ ತಳ ತುಕ್ಕು ಹಿಡಿದು ಉದುರಿತು. ಈಗ ಗಾಜಿನ ಬಾಟಲಿಯಲ್ಲಿದೆ, ಉಪ್ಪು ಅಂದುಕೊಂಡಾರು ಅಂತ ಮೇಲೆ ದೊಡ್ಡದಾಗಿ ಹೆಸರು ಬರೆದು ಅಡುಗೆಮನೆಯಿಂದ ದೂರ ಇಟ್ಟಿದ್ದೇನೆ.

ತಪ್ಪಲೆಯಲ್ಲಿ ಸಾರು ಕುದಿಯುತ್ತಿದೆ. ಕಂಠದ ಹತ್ತಿರ ಎರಡು ಬೆರಳಗಲ ಜಾಗದಲ್ಲಿ ಮಾತ್ರ ತವರ ಹಿಡಿದಿಲ್ಲ, ಅಲ್ಲಿಗೆ ಕಾವು ಸಾಲಲಿಲ್ಲ ಅನಿಸುತ್ತದೆ. ಅಮ್ಮ ಸಾರನ್ನು ಅದರ ಕೆಳಗಿನವರೆಗೆ ಮಾತ್ರ ಹುಯ್ಯುತ್ತಾರೆ.