ಇಮ್ಮಡಿ ವೇಗದಲ್ಲಿ ಹಾಡಿಸಿದ ಭಾವಗೀತೆ

ಕಳೆದ ಚಳಿಗಾಲದಲ್ಲಿ ಹೊಸ ಭಾವಗೀತೆಯೊಂದಕ್ಕೆ ವಿಡಿಯೊ ಮಾಡಿಕೊಡಲು ಒಪ್ಪಿಕೊಂಡಾಗ ಗಾಯಕಿಯ ಬೇಡಿಕೆ ಒಂದೇ ಆಗಿತ್ತು: ದೀಪದ ಕುಡಿಯೂ ಸೆರಗೂ ನೀರಿನಲ್ಲಿ ತೇಲಿದಂತೆ ನಿಧಾನವಾಗಿ ಅಲುಗಬೇಕು, ತುಟಿ ಮಾತ್ರ ಹಾಡಿಗೆ ಕೂಡಿಯೇ ಇರಬೇಕು. ಇದರ ದಾರಿ ನನಗೆ ಸಿಕ್ಕಿದ್ದು 1983ರ ಒಂದು ವಿಡಿಯೊದಲ್ಲಿ. ‘ದಿ ಪೊಲೀಸ್’ ರಾಕ್ ತಂಡದ ‘ರ‍್ಯಾಪ್ಡ್ ಅರೌಂಡ್ ಯುವರ್ ಫಿಂಗರ್’ ಗೀತೆಗೆ ಗಾಡ್ಲಿ ಮತ್ತು ಕ್ರೀಮ್ ಎಂಬ ಜೋಡಿ ನಿರ್ದೇಶಿಸಿದ ಅದರಲ್ಲಿ ತಂಡದ ಗಾಯಕ ಸ್ಟಿಂಗ್ ಮೇಣದಬತ್ತಿಗಳ ನಡುವೆ ಕನಸಿನಲ್ಲೆಂಬಂತೆ ಚಲಿಸುತ್ತಾರೆ, ಆದರೂ ತುಟಿ ತಪ್ಪುವುದಿಲ್ಲ. ಹಾಡನ್ನು ವೇಗವಾಗಿ ನುಡಿಸಿ, ಆ ವೇಗಕ್ಕೇ ತುಟಿಯಾಡಿಸಿ ಚಿತ್ರೀಕರಿಸಿ, ಆಮೇಲೆ ಚಿತ್ರವನ್ನು ನಿಧಾನಗೊಳಿಸಿದ್ದರು.

ಈ ಕಸುಬಿನಲ್ಲಿ ಧ್ವನಿ ಮೊದಲೇ ಮುಗಿದಿರುತ್ತದೆ. ಚಿತ್ರ ಅದರ ಹಿಂದೆ ಓಡಬೇಕು. 1940ರ ದಶಕದ ಅಮೆರಿಕದಲ್ಲಿ ಪ್ಯಾನೊರಾಮ್ ಯಂತ್ರಕ್ಕೆ ಹತ್ತು ಸೆಂಟಿನ ನಾಣ್ಯ ಹಾಕಿ ನೋಡುತ್ತಿದ್ದ ‘ಸೌಂಡೀಸ್’ ಕಿರುಚಿತ್ರಗಳಿಂದ ಹಿಡಿದು, 1960ರ ದಶಕದ ಫ್ರಾನ್ಸಿನ ಸ್ಕೋಪಿಟೋನ್ ಎಂಬ ಅಂಥದೇ ಯಂತ್ರ, 1981ರ ಆಗಸ್ಟ್ 1ರಂದು ಶುರುವಾದ ಸಂಗೀತ ಚಾನೆಲ್ ಎಂಟಿವಿಯವರೆಗೂ ಬಹುಮಟ್ಟಿಗೆ ಇದೇ ಕ್ರಮ. ನಮ್ಮ ಸಿನಿಮಾ ಹಾಡುಗಳೂ ಹೀಗೇ ತಯಾರಾಗುತ್ತಿದ್ದುದರಿಂದ, ದೂರದರ್ಶನದ ಸಿನಿಮಾ ಹಾಡುಗಳ ಕಾರ್ಯಕ್ರಮ ಚಿತ್ರಮಂಜರಿ ನೋಡಿ ಬೆಳೆದ ನನಗೆ ಮ್ಯೂಸಿಕ್ ವಿಡಿಯೊ ಬೇರೊಂದು ಪ್ರಕಾರವೆಂದು ಬಹುಕಾಲ ಅನ್ನಿಸಿರಲೇ ಇಲ್ಲ.

ಲೆಕ್ಕ ಸರಳವಾಗಿತ್ತು. ಸೆಕೆಂಡಿಗೆ 50 ಫ್ರೇಮಿನಂತೆ ಚಿತ್ರಿಸಿ 25ರಲ್ಲಿ ತೋರಿಸಿದರೆ ಚಲನೆ ಅರ್ಧ ವೇಗಕ್ಕಿಳಿಯುತ್ತದೆ. ಆದ್ದರಿಂದ 3 ನಿಮಿಷ 40 ಸೆಕೆಂಡಿನ ಹಾಡನ್ನು 1 ನಿಮಿಷ 50 ಸೆಕೆಂಡಿನಲ್ಲಿ ನುಡಿಸಬೇಕು. ಸಿನಿಮಾದ 24ರ ಇಮ್ಮಡಿಯಾದ 48 ಫ್ರೇಮ್ ಬೇಡವೆಂದಿದ್ದಕ್ಕೆ ಪಡಸಾಲೆಯ ಟ್ಯೂಬ್‌ಲೈಟ್ ಕಾರಣ: ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, 50 ಫ್ರೇಮಿಗೆ ಸಾಮಾನ್ಯವಾಗಿ ಇಡುವ 1/100 ಸೆಕೆಂಡಿನ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) ಅದಕ್ಕೆ ಹೊಂದುತ್ತದೆ. ಆದರೆ ಶಟರ್ 25 ಫ್ರೇಮಿನ 1/50ರಿಂದ ಹೀಗೆ ಅರ್ಧಕ್ಕಿಳಿದಾಗ ಬೆಳಕು ಇಮ್ಮಡಿ ಬೇಕಾಗುತ್ತದೆ. ಹನ್ನೆರಡು ಹಣತೆಗಳ ಹಿಂದೆ ಎಲ್‌ಇಡಿ ಫಲಕವೊಂದನ್ನು ಬಚ್ಚಿಡದೆ ಗತ್ಯಂತರವಿರಲಿಲ್ಲ.

ಟೇಪಿನ ಕಾಲದಲ್ಲಾಗಿದ್ದರೆ ಇಮ್ಮಡಿ ವೇಗದ ಹಾಡು ಒಂದು ಸ್ಥಾಯಿ ಮೇಲೇರಿ ಕೀರಲಾಗುತ್ತಿತ್ತು. ಈಗ ಕಂಪ್ಯೂಟರ್ ಶ್ರುತಿಯನ್ನು ಹಾಗೇ ಉಳಿಸಿಕೊಡುತ್ತದೆ, ಆದರೆ ಅಕ್ಷರಗಳು ಕಲಸಿಹೋಗುತ್ತವೆ. ಪಲ್ಲವಿ ನಾಲ್ಕನೆಯ ಟೇಕಿಗೆ ಸರಿಹೋಯಿತು. ಚರಣದ ಒಂದು ಸಾಲಿನಲ್ಲಿ ಒತ್ತಕ್ಷರಗಳು ಒಂದರ ಹಿಂದೊಂದು ಬಂದು, ಗಾಯಕಿಯ ನಾಲಿಗೆ ಎಷ್ಟು ಸಲ ತೊಡರಿತೆಂದರೆ, ಆಕೆಯೂ ನಾವೂ ನಕ್ಕು ನಕ್ಕು ಅರ್ಧ ಗಂಟೆ ಕೆಲಸ ನಿಂತಿತು. ಪ್ರತಿ ಸಾಲಿಗೂ ಮುಂಚೆ ನಾಲ್ಕು ತಾಳದ ಟಕಟಕ ಸದ್ದು ಸೇರಿಸಿದ ಮೇಲೆ ಉಳಿದ ಸಾಲುಗಳು ದಕ್ಕಿದವು.

ಸಂಕಲನಕ್ಕೆ ಕೂತಾಗ ಕೊನೆಯ ಚರಣಕ್ಕೆ ತುಟಿ ಹಾಡಿಗಿಂತ 8 ಸೆಕೆಂಡು ಹಿಂದಿತ್ತು. ಗಾಯಕಿಯನ್ನು ಮನಸ್ಸಿನಲ್ಲೇ ದೂರಿದೆ, ಅದು ಅನ್ಯಾಯ. ಅಭ್ಯಾಸಬಲದಿಂದ ನಾನು ಟೈಮ್‌ಲೈನನ್ನು ಸಿನಿಮಾದ 24 ಫ್ರೇಮಿಗೆ ಇಟ್ಟಿದ್ದೆ, ಹಾಗಾಗಿ 220 ಸೆಕೆಂಡಿನ ಚಿತ್ರ 229ಕ್ಕೆ ಹಿಗ್ಗಿತ್ತು. 25ಕ್ಕೆ ಬದಲಿಸಿದೊಡನೆ ಎಲ್ಲ ಕೂಡಿಕೊಂಡಿತು, ಒತ್ತಕ್ಷರಗಳ ಆ ಒಂದು ಸಾಲಿನ ಹೊರತು. ಅಲ್ಲಿ ಈಗಲೂ ಕಾಣುವುದು ಗಾಯಕಿಯ ಮುಖವಲ್ಲ, ತೊಟ್ಟಿಮನೆಯ ಕಂಬದ ಮೇಲೆ ನಿಧಾನವಾಗಿ ಅಲುಗುವ ಅವರ ನೆರಳು.