ಒಣಗಾಳಿಯ ಊರಲ್ಲಿ ಮರದ ಮೇಜು, ಮಂಚದ ಆರೈಕೆ

ಚಿತ್ರದುರ್ಗದ ಕಡೆ ಬೇಸಿಗೆಯೆಂದರೆ ಒಣಗಾಳಿ, ಧೂಳು. ಆ ಧೂಳಿನಲ್ಲಿ ಸಣ್ಣ ಮರಳಿರುತ್ತದೆ. ನೇರವಾಗಿ ಉಜ್ಜಿದರೆ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್‌ನಿಂದ ಸಂದುಗಳ ಧೂಳು ಉದುರಿಸಿ. ಜಿಡ್ಡಿದ್ದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಮರದ ಎಳೆಯ ಗುಂಟ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ.

ಎಣ್ಣೆ ಹಚ್ಚುವ ಮುನ್ನ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತರೆ ಮೇಲೆ ವಾರ್ನಿಷ್ ಇದೆ, ಎಣ್ಣೆ ಇಳಿಯುವುದಿಲ್ಲ, ಸುಮ್ಮನೆ ದಂಡ. ಕೆಲವೇ ನಿಮಿಷದಲ್ಲಿ ಇಂಗಿ ಕಪ್ಪಾದರೆ ಮಾತ್ರ ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, 15–20 ನಿಮಿಷ ಬಿಟ್ಟು, ಮೇಲುಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಉಳಿದರೆ ಅಂಟಂಟು. ಕೊಬ್ಬರಿ ಎಣ್ಣೆ ಬೇಡವೇ ಬೇಡ: ಅದು ಒಣಗಿ ಗಟ್ಟಿಯಾಗದು, ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಂದು ಬಿಟ್ಟರೆ ಗಾಬರಿಯಾಗಿ ಪುಟ್ಟಿ ತುಂಬಬೇಡಿ. ಮಳೆಗಾಲದ ತೇವಕ್ಕೆ ಮರ ಹಿಗ್ಗಿದಾಗ ಪುಟ್ಟಿ ಕಿತ್ತು ಹೊರಬರುತ್ತದೆ.